ರಕ್ತಪರೀಕ್ಷೆಯ ಕಾಗದವನ್ನು ಓದುವ ಬಗೆ

ನಮ್ಮ ಯರಗುಪ್ಪಿಯಂಥ ಊರುಗಳಲ್ಲಿ ಮಾಸ್ತರನೆಂದರೆ ಮಕ್ಕಳಿಗೆ ಪಾಠ ಹೇಳುವವನು ಮಾತ್ರವಲ್ಲ. ಊರಿಗೆ ಬರುವ ಕಾಗದಪತ್ರಗಳನ್ನು ಓದಿ ಹೇಳುವ ಕೆಲಸವೂ ಅವನ ಪಾಲಿಗೇ ಬರುವದು. ಬ್ಯಾಂಕಿನ ನೋಟೀಸು, ಬೆಳೆವಿಮೆಯ ಪತ್ರ, ಉತಾರದಲ್ಲಿ ತಪ್ಪಿ ಬಿದ್ದ ಹೆಸರು, ದವಾಖಾನೆಯ ಚೀಟಿ, ಎಲ್ಲವೂ ಸಂಜೆಯ ಹೊತ್ತಿಗೆ ಅವನ ಮನೆಯ ಕಟ್ಟೆಗೆ ಬರುವವು. ನಾನು ಪ್ರೌಢಶಾಲೆಯಲ್ಲಿ ಹಳಗನ್ನಡವನ್ನೂ ವ್ಯಾಕರಣವನ್ನೂ ಕಲಿಸುವ ಕನ್ನಡ ಪಂಡಿತ, ವೈದ್ಯಶಾಸ್ತ್ರದ ಗಂಧವಿಲ್ಲದವನು. ಆದರೂ ಕೈಯಲ್ಲಿ ಕಾಗದ ಹಿಡಿದು ಬಂದವರಿಗೆ ‘ನನಗೆ ತಿಳಿಯದು’ ಎನ್ನಲು ಮಾಸ್ತರನಾದವನಿಗೆ ಬಾಯಿ ಬರುವದಿಲ್ಲ. ಆ ದೋಷದಿಂದಲೇ ಈ ಲೇಖನ ಹುಟ್ಟಿತೆಂದು ಮೊದಲೇ ಹೇಳಿಬಿಡುವದು ಒಳ್ಳೆಯದು.

೨೦೨೧ನೆಯ ಇಸವಿಯ ಮೇ ತಿಂಗಳು. ಕೋವಿಡ್ ಬೇನೆಯ ಎರಡನೆಯ ಅಲೆ ಹಳ್ಳಿಹಳ್ಳಿಗಳನ್ನು ಹೊಕ್ಕಿತ್ತು. ನಮ್ಮ ಓಣಿಯ ಹಿರಿಯರೊಬ್ಬರು, ನಾನು ಚಿಕ್ಕಂದಿನಿಂದ ಕಾಕಾ ಎಂದು ಕರೆಯುತ್ತ ಬಂದವರು, ಎರಡು ದಿನದಿಂದ ಜ್ವರದಲ್ಲಿ ಮಲಗಿದ್ದರು. ಮಗನು ಅವರನ್ನು ಪಟ್ಟಣಕ್ಕೆ ಕರೆದೊಯ್ದು, ಒಂದು ಕಡೆಯಲ್ಲಿ ರಕ್ತ ಕೊಡಿಸಿ, ಸಂಜೆಗೆ ಚೀಟಿ ಹಿಡಿದು ನಮ್ಮ ಕಟ್ಟೆಗೆ ಬಂದ.

“ಸರ್ರ, ಇದರಾಗ ಏನ್ ಬರದಾರ ನೋಡ್ರಿ. ಅಪ್ಪಗ ಆ ಬ್ಯಾನಿ ಏನ ಇಲ್ಲಲ್ರಿ?”

ಚೀಟಿಯ ಮೇಲೆ ಕೋವಿಡ್ ಎಂಬ ಹೆಸರಿತ್ತು. ಅದರ ಮುಂದೆ ‘ಆಂಟಿಬಾಡಿ’ ಎಂದಿತ್ತು. ಕೆಳಗೆ ಐಜಿಎಂ, ಐಜಿಜಿ ಎಂಬ ಎರಡು ಸಾಲುಗಳು. ಎರಡರ ಮುಂದೆಯೂ ‘ನಾನ್-ರಿಯಾಕ್ಟಿವ್’ ಎಂದು ಬರೆದಿತ್ತು. ನಾನು ಓದಿ ಧೈರ್ಯ ಹೇಳಿದೆ: “ಏನೂ ಇಲ್ಲಪಾ ತಮ್ಮಾ, ನೆಗೆಟಿವ್ ಬಂದದ. ಕಾಕಾಗ ಗಂಜಿ ಕುಡಸ್ರಿ, ಆರಾಮ ಆಗ್ತಾರ.”

ಆ ಮನೆಯವರು ನನ್ನ ಮಾತನ್ನು ನಂಬಿ ಎಂದಿನಂತೆ ಇದ್ದರು. ಕಾಕಾರನ್ನು ಬೇರೆ ಕೋಣೆಯಲ್ಲಿ ಮಲಗಿಸಲಿಲ್ಲ. ಯಾರೂ ಬಾಯಿಗೆ ಬಟ್ಟೆ ಕಟ್ಟಲಿಲ್ಲ. ಕಾಕು ಹಗಲೂ ರಾತ್ರಿಯೂ ಅವರ ಮಗ್ಗುಲಲ್ಲಿ ಕುಳಿತು ಆರೈಕೆ ಮಾಡಿದಳು. ಆರನೆಯ ದಿನ ಇಬ್ಬರಿಗೂ ಉಸಿರು ಕಟ್ಟತೊಡಗಿ ಹುಬ್ಬಳ್ಳಿಗೆ ಒಯ್ದಾಗ, ಮೂಗಿನ ದ್ರವದ ಪರೀಕ್ಷೆಯಲ್ಲಿ ಇಬ್ಬರಿಗೂ ಬೇನೆ ಇದ್ದದ್ದು ತಿಳಿಯಿತು. ಕಾಕಾ ತಿರುಗಿ ಬಂದರು. ಕಾಕು ಬರಲಿಲ್ಲ.

ಆ ಮನೆಯವರು ಇಂದಿನವರೆಗೂ ನನಗೆ ಒಂದು ಮಾತು ಅಂದಿಲ್ಲ. ಕಾಕುವಿಗೆ ಬೇನೆ ಮೊದಲೇ ತಗಲಿದ್ದಿರಬಹುದು. ನನ್ನ ಮಾತಿನಿಂದಲೇ ಹೀಗಾಯಿತೆಂದು ಯಾರೂ ಹೇಳಲಾರರು. ಆಗಲಿಲ್ಲವೆಂದೂ ಹೇಳಲಾರರು. ಅಲ್ಪಪ್ರಾಣದ ಜಾಗದಲ್ಲಿ ಮಹಾಪ್ರಾಣ ಬರೆದ ಹುಡುಗನ ಅಂಕ ಕಳೆಯುವ ನಾನು, ‘ಆಂಟಿಬಾಡಿ’ ಎಂಬುದನ್ನು ‘ಆಂಟಿಜೆನ್’ ಎಂದು ತಿಳಿದು ಓದಿದ್ದೆ. ಎರಡು ಶಬ್ದಗಳ ನಡುವಿನ ಅಂತರ ಎಷ್ಟೆಂಬದನ್ನು ಆಮೇಲೆ ವೈದ್ಯರನ್ನು ಕೇಳಿ, ಪುಸ್ತಕಗಳನ್ನು ಓದಿ ತಿಳಿದುಕೊಂಡೆ. ನನ್ನಂತೆ ಮತ್ತೊಬ್ಬರು ತಪ್ಪಿ ಓದಬಾರದೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಶಬ್ದಗಳ ವಿಚಾರ. ಆಂಟಿಜೆನ್ ಎಂಬುದಕ್ಕೆ ಕನ್ನಡದಲ್ಲಿ ‘ಪ್ರತಿಜನಕ’ ಎನ್ನುವರು, ಆಂಟಿಬಾಡಿಗೆ ‘ಪ್ರತಿಕಾಯ’. ಪ್ರತಿಜನಕವೆಂದರೆ ಹೊರಗಿನಿಂದ ಬಂದ ವೈರಿಯ ಮೈಯ ಒಂದು ಭಾಗ. ನೆಗಡಿ, ಫ್ಲೂ, ಕೋವಿಡ್ ಮೊದಲಾದ ಬೇನೆಗಳನ್ನು ತರುವ ವೈರಸ್ಸುಗಳ ಮೇಲ್ಮೈಯಲ್ಲಿ ಇಂಥ ಭಾಗಗಳಿರುವವು. ಪ್ರತಿಕಾಯವೆಂದರೆ ಆ ವೈರಿಯನ್ನು ಎದುರಿಸಲು ನಮ್ಮ ದೇಹವೇ ಸಿದ್ಧಪಡಿಸಿಕೊಂಡ ಪ್ರೋಟೀನು. ಒಂದು ಬಂದವನ ಗುರುತು. ಇನ್ನೊಂದು ಅವನನ್ನು ಎದುರಿಸಿದವನ ಗುರುತು. ಮೂಗು ಮತ್ತು ಗಂಟಲಿನ ದ್ರವವನ್ನು ಹತ್ತಿಯ ಕಡ್ಡಿಯಿಂದ ತೆಗೆದು ಮಾಡುವ ಆಂಟಿಜೆನ್ ಪರೀಕ್ಷೆ ಮತ್ತು ಆರ್‌ಟಿ-ಪಿಸಿಆರ್ ಪರೀಕ್ಷೆಗಳು ವೈರಸ್ಸನ್ನೇ ಹುಡುಕುವವು. ರಕ್ತದಿಂದ ಮಾಡುವ ಆಂಟಿಬಾಡಿ ಪರೀಕ್ಷೆಯು ವೈರಸ್ಸನ್ನು ಹುಡುಕುವದೇ ಇಲ್ಲ. ದೇಹವು ಅದನ್ನು ಎಂದಾದರೂ ಎದುರಿಸಿತ್ತೇ ಎಂಬದನ್ನು ಹುಡುಕುವದು.

ಇನ್ನು ಈ ಪ್ರತಿಕಾಯ ಹುಟ್ಟುವ ಬಗೆಯನ್ನು ನೋಡೋಣ. ನಮ್ಮ ರಕ್ತದಲ್ಲಿಯ ಬಿಳಿಯ ಕಣಗಳಲ್ಲಿ ‘ಬಿ’ ಎಂಬ ಹೆಸರಿನ ಒಂದು ಪಂಗಡವಿದೆ. ಆ ಪಂಗಡದಲ್ಲಿ ಲಕ್ಷಾಂತರ ಬಗೆಯ ಕಣಗಳುಂಟು. ಒಂದೊಂದು ಬಗೆಯೂ ಒಂದೊಂದು ಆಕಾರಕ್ಕೆ ಮಾತ್ರ ಹೊಂದುವಂಥದು, ಒಂದು ಬೀಗಕ್ಕೆ ಒಂದೇ ಕೀಲಿ ಹೊಂದುವ ಹಾಗೆ. ವೈರಸ್ಸು ಒಳಹೊಕ್ಕಾಗ ಅದರ ಆಕಾರಕ್ಕೆ ಹೊಂದಿದ ಕಣವು ಎಚ್ಚತ್ತು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆದು, ಆಮೇಲೆ ಪ್ರತಿಕಾಯಗಳನ್ನು ರಕ್ತಕ್ಕೆ ಸುರಿಯತೊಡಗುವದು. ಈ ಪ್ರತಿಕಾಯದ ಆಕಾರ ಕವಲೊಡೆದ ಕೋಲಿನಂತಿದೆ. ಕವಲಿನ ಎರಡು ತುದಿಗಳು ವೈರಿಯನ್ನು ಹಿಡಿಯುವವು. ಕೆಳಗಿನ ಕಾಂಡವು ದೇಹದ ಬೇರೆ ಕಾವಲುಗಾರರನ್ನು ಕರೆಯುವದು. ಇದರ ರಚನೆಯನ್ನು ಬಿಡಿಸಿ ತೋರಿಸಿದ ಜೆರಾಲ್ಡ್ ಎಡೆಲ್ಮನ್ ಮತ್ತು ರಾಡ್ನಿ ಪೋರ್ಟರ್ ಎಂಬ ವಿಜ್ಞಾನಿಗಳಿಗೆ ೧೯೭೨ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇಲ್ಲಿ ನಾವು ಲಕ್ಷ್ಯವಿಟ್ಟು ತಿಳಿಯತಕ್ಕ ಸಂಗತಿ ಕಾಲದ್ದು. ನಮ್ಮ ಎರಿ ಭೂಮಿಯಲ್ಲಿ ಹೆಸರು ಬಿತ್ತಿದ ಮರುದಿನವೇ ರಾಶಿಯಾಗುವದಿಲ್ಲ. ಹಾಗೆಯೇ ಬೇನೆ ಹತ್ತಿದ ಮರುದಿನವೇ ರಕ್ತದಲ್ಲಿ ಪ್ರತಿಕಾಯ ಕಾಣುವದಿಲ್ಲ. ಸಾಮಾನ್ಯವಾಗಿ ಜ್ವರ ಬಂದ ಮೊದಲನೆಯ ವಾರದ ಕೊನೆಯ ಸುಮಾರಿಗೆ ಐಜಿಎಂ ಎಂಬ ಜಾತಿಯ ಪ್ರತಿಕಾಯ ತಲೆದೋರುವದು. ಅದರ ಬೆನ್ನಿಗೇ, ಎರಡು ಮೂರು ವಾರಗಳ ಹೊತ್ತಿಗೆ ಐಜಿಜಿ ಎಂಬ ಜಾತಿ ತುಂಬಿಬರುವದು. ಕೋವಿಡ್ ಬೇನೆಯಲ್ಲಿ ಇವೆರಡೂ ಹೆಚ್ಚುಕಡಿಮೆ ಕೂಡಿಯೇ ಕಾಣಿಸಿಕೊಂಡದ್ದೂ ಉಂಟು. ಐಜಿಎಂ ಕೆಲವು ವಾರಗಳಲ್ಲಿ, ಅಥವಾ ಕೆಲವು ತಿಂಗಳುಗಳಲ್ಲಿ ಇಳಿದುಹೋಗುವದು. ಐಜಿಜಿ ತಿಂಗಳುಗಟ್ಟಲೆ, ಕೆಲವು ಬೇನೆಗಳಲ್ಲಿ ವರ್ಷಗಟ್ಟಲೆ ಉಳಿಯುವದು. ಆದರೆ ವೈರಸ್ಸಿನ ಲೆಕ್ಕ ಇದಕ್ಕೆ ತಿರುಗುಮುರುಗು. ಅದು ಮೂಗು-ಗಂಟಲಿನಲ್ಲಿ ಅತಿ ಹೆಚ್ಚಾಗಿ ಇರುವದೂ, ಮತ್ತೊಬ್ಬರಿಗೆ ಹರಡುವದೂ ಜ್ವರ ಬರುವ ಒಂದೆರಡು ದಿನ ಮುಂಚೆ ಮತ್ತು ಬಂದ ಮೊದಲ ಕೆಲವು ದಿನಗಳಲ್ಲಿ.

ಈಗ ಕಾಕಾರ ಚೀಟಿಯನ್ನು ಮತ್ತೊಮ್ಮೆ ಓದಿರಿ. ಜ್ವರ ಬಂದ ಎರಡನೆಯ ದಿನ. ಬೇನೆ ಹರಡುವ ಶಕ್ತಿ ತುಂಬಿ ನಿಂತ ದಿನ. ರಕ್ತದಲ್ಲಿ ಪ್ರತಿಕಾಯಗಳು ಇನ್ನೂ ಹುಟ್ಟಿರಲೇ ಇಲ್ಲ. ಪರೀಕ್ಷೆ ಸುಳ್ಳು ಹೇಳಿರಲಿಲ್ಲ. ‘ಪ್ರತಿಕಾಯ ಇನ್ನೂ ಇಲ್ಲ’ ಎಂಬಷ್ಟನ್ನೇ ಅದು ಹೇಳಿತ್ತು. ‘ಬೇನೆ ಇಲ್ಲ’ ಎಂಬ ಅರ್ಥವನ್ನು ಅದಕ್ಕೆ ಹಚ್ಚಿದವನು ಓದಿದವನು.

ನಮ್ಮ ಧಾರವಾಡ ಸೀಮೆಯ ವಾಚಕರಿಗೆ ಇದನ್ನು ವೀರಗಲ್ಲಿನ ದೃಷ್ಟಾಂತದಿಂದ ಹೇಳಬಹುದು. ಊರ ಹೊರಗಿನ ಗುಡಿಯ ಹತ್ತಿರ ಒಂದು ವೀರಗಲ್ಲು ನಿಂತಿದೆಯೆನ್ನಿರಿ. ತುರು ಹಿಡಿಯಲು ಬಂದ ಕಳ್ಳರೊಡನೆ ಕಾದು ಒಬ್ಬ ವೀರ ಮಡಿದನೆಂದು ಅದು ಹೇಳುವದು. ಅದನ್ನು ನೋಡಿ ‘ಇಂದು ಊರಲ್ಲಿ ಕಳ್ಳರಿದ್ದಾರೆ’ ಎಂದು ಯಾರಾದರೂ ಕೂಗುವರೇ? ಮತ್ತೊಂದು ಊರಲ್ಲಿ ವೀರಗಲ್ಲೇ ಇಲ್ಲವೆಂದು ‘ಇಲ್ಲಿಗೆ ಇಂದು ರಾತ್ರಿ ಕಳ್ಳರು ಬರಲಾರರು’ ಎಂದು ಬಾಗಿಲು ತೆರೆದು ಮಲಗುವರೇ? ಕಾಳಗ ನಡೆಯುತ್ತಿರುವಾಗ ಕಲ್ಲು ನೆಡುವವರಿಲ್ಲ. ಅದು ಮುಗಿದ ಮೇಲೆ ನೆಡುವರು. ಪ್ರತಿಕಾಯವೂ ಹಾಗೆಯೇ ಹಿಂದಿನ ಕಾಳಗದ ಗುರುತು. ದೃಷ್ಟಾಂತ ಎಲ್ಲ ಅಂಶಗಳಲ್ಲಿಯೂ ಹೊಂದುವದಿಲ್ಲ. ಕಲ್ಲು ಕಾದಾಡಲಾರದು, ಪ್ರತಿಕಾಯ ಕಾದಾಡಬಲ್ಲದು. ಆದರೆ ಕಾಲದ ಮಟ್ಟಿಗೆ ಇದು ಸರಿಯಾಗಿದೆ.

ಹಾಗಾದರೆ ಹಿಂದಿನದನ್ನು ಹೇಳುವ ಈ ಪರೀಕ್ಷೆಯಿಂದ ಪ್ರಯೋಜನವೇನು ಎಂದು ನೀವು ಕೇಳಬಹುದು. ಪ್ರಯೋಜನ ದೊಡ್ಡದಿದೆ. ಅದನ್ನು ತಿಳಿಯಲು ನೂರು ವರ್ಷ ಹಿಂದಕ್ಕೆ ಹೋಗಬೇಕು.

೧೯೧೮ರಲ್ಲಿ ಇನ್‌ಫ್ಲುಯೆಂಝಾ ಬೇನೆ ಮುಂಬಯಿ ಬಂದರದಿಂದ ಒಳನಾಡಿಗೆ ಹರಡಿತು. ನಮ್ಮ ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಒಂದು ಪ್ರಾಂತದಲ್ಲಿಯೇ ಹತ್ತು ಲಕ್ಷಕ್ಕಿಂತ ಹೆಚ್ಚು ಜನ ಸತ್ತರು. ನಮ್ಮ ಅಜ್ಜಿ ಆಗ ಹತ್ತು ವರ್ಷದ ಹುಡುಗಿ. “ಒಬ್ಬರನ್ನ ಮಣ್ಣ ಮಾಡಿ ಬರೂದ್ರಾಗ ಮನ್ಯಾಗ ಇನ್ನೊಬ್ಬರು ಹೋಗಿರ್ತಿದ್ರಪಾ, ನನಗೂ ಬಂದಿತ್ತು, ಯಾಕೋ ಉಳದೆ” ಎಂದು ಆಕೆ ಹೇಳುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಆ ಬೇನೆಗೆ ಕಾರಣವಾದ ವೈರಸ್ಸು ಆಗ ಯಾರಿಗೂ ಗೊತ್ತಿರಲಿಲ್ಲ. ಮನುಷ್ಯರ ಫ್ಲೂ ವೈರಸ್ಸನ್ನು ಲಂಡನ್ನಿನ ವಿಲ್ಸನ್ ಸ್ಮಿಥ್, ಆಂಡ್ರೂಸ್, ಲೇಡ್ಲಾ ಎಂಬ ಮೂವರು ಪ್ರತ್ಯೇಕಿಸಿದ್ದು ೧೯೩೩ರಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಅಮೇರಿಕೆಯ ರಿಚರ್ಡ್ ಶೋಪ್ ಎಂಬವನು ಹಂದಿಗಳ ಫ್ಲೂ ವೈರಸ್ಸನ್ನು ಕಂಡುಹಿಡಿದಿದ್ದ. ಅವನು ಬೇರೆ ಬೇರೆ ವಯಸ್ಸಿನ ಜನರ ರಕ್ತದ ತಿಳಿಯನ್ನು ಈ ಹಂದಿಯ ವೈರಸ್ಸಿನೊಡನೆ ಪರೀಕ್ಷಿಸಿದಾಗ, ದೊಡ್ಡವರ ರಕ್ತದಲ್ಲಿ ಅದಕ್ಕೆ ಪ್ರತಿಕಾಯಗಳು ದೊರೆತವು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಬಹುಮಟ್ಟಿಗೆ ದೊರೆಯಲಿಲ್ಲ. ೧೯೧೮ರ ಬೇನೆಯ ಕಾಲಕ್ಕೆ ಹುಟ್ಟಿದ್ದವರಿಗೂ ಆಮೇಲೆ ಹುಟ್ಟಿದವರಿಗೂ ನಡುವೆ ರಕ್ತವೇ ಗೆರೆ ಎಳೆದು ತೋರಿಸಿತು. ಹಿಂದೆ ಜನರನ್ನು ಕೊಂದ ವೈರಸ್ಸು ಈ ಹಂದಿಯ ವೈರಸ್ಸಿನ ಹತ್ತಿರದ ನೆಂಟನಾಗಿತ್ತೆಂದು ಅದರಿಂದ ಊಹಿಸಲಾಯಿತು.

ಇದಕ್ಕಿಂತ ಆಶ್ಚರ್ಯದ ಸಂಗತಿ ೨೦೦೮ರಲ್ಲಿ ಪ್ರಕಟವಾಯಿತು. ಅಮೇರಿಕೆಯ ಸಂಶೋಧಕರು ೧೯೧೫ರಲ್ಲಿ ಅಥವಾ ಅದಕ್ಕಿಂತ ಮುಂಚೆ ಹುಟ್ಟಿದ ೩೨ ಜನ ವೃದ್ಧರ ರಕ್ತವನ್ನು ಪರೀಕ್ಷಿಸಿದರು. ಸುಮಾರು ತೊಂಬತ್ತು ವರ್ಷಗಳ ನಂತರವೂ ಆ ೩೨ ಜನರಲ್ಲಿ ಪ್ರತಿಯೊಬ್ಬರ ರಕ್ತವೂ ೧೯೧೮ರ ವೈರಸ್ಸನ್ನು ಗುರುತಿಸಿತು. ನಮ್ಮ ಅಜ್ಜಿಯ ರಕ್ತದಲ್ಲಿಯೂ ಆ ಬರಹ ಇದ್ದಿರಬೇಕು. ಅದನ್ನು ಓದುವವರು ಬರುವ ಮೊದಲೇ ಆಕೆ ತೀರಿಹೋದಳು.

ಈ ಬರಹವನ್ನು ಓದುವ ರೀತಿಗಳು ಹಲವು. ೧೯೪೧ರಲ್ಲಿ ಜಾರ್ಜ್ ಹರ್ಸ್ಟ್ ಎಂಬವನು ಫ್ಲೂ ವೈರಸ್ಸು ಕೋಳಿಯ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುವದೆಂಬದನ್ನು ಕಂಡನು. ಬೇನೆಯಿಂದೆದ್ದವನ ರಕ್ತದ ತಿಳಿಯನ್ನು ಕೂಡಿಸಿದರೆ ಆ ಅಂಟುವಿಕೆ ನಿಂತುಹೋಗುವದು, ಏಕೆಂದರೆ ಪ್ರತಿಕಾಯಗಳು ವೈರಸ್ಸನ್ನು ಮೊದಲೇ ಹಿಡಿದುಬಿಡುವವು. ತಿಳಿಗೆ ನೀರಿನಂಥ ದ್ರಾವಣ ಬೆರೆಸಿ ಹತ್ತು ಪಾಲಿಗೆ ಒಂದು, ಇಪ್ಪತ್ತಕ್ಕೆ ಒಂದು, ನಲವತ್ತಕ್ಕೆ ಒಂದು ಎಂದು ತೆಳುವು ಮಾಡುತ್ತ ಹೋಗುವರು. ಎಷ್ಟು ತೆಳುವಾದರೂ ಅದು ಅಂಟುವಿಕೆಯನ್ನು ತಡೆಯುವದೋ ಅದೇ ಅದರ ಬಲದ ಅಳತೆ. ಜ್ವರ ಬಂದ ಕೂಡಲೆ ಒಮ್ಮೆ, ಎರಡು ಮೂರು ವಾರಗಳ ಮೇಲೆ ಮತ್ತೊಮ್ಮೆ ರಕ್ತ ತೆಗೆದು ಹೋಲಿಸಿದಾಗ ಈ ಅಳತೆ ನಾಲ್ಕು ಪಟ್ಟು ಏರಿದ್ದರೆ, ಆಗಿನ ಜ್ವರ ಆ ವೈರಸ್ಸಿನದೇ ಎಂದು ಹೇಳಬಹುದು. ಒಂದೇ ರಕ್ತದ ಹನಿಯಿಂದ ಹೇಳಲಾಗದ್ದನ್ನು ಎರಡು ಹನಿಗಳ ನಡುವಿನ ಏರಿಕೆ ಹೇಳುವದು.

೧೯೭೧ರಲ್ಲಿ ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಎಂಬವರು ಎಲೈಸಾ ಎಂಬ ಪರೀಕ್ಷೆಯನ್ನು ಪ್ರಕಟಿಸಿದರು. ಇದಕ್ಕೆ ಬಳಸುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಪಡ್ಡಿನ ಹಂಚಿನಲ್ಲಿರುವಂತೆ ಸಣ್ಣ ಕುಳಿಗಳು, ಒಟ್ಟು ೯೬. ಪ್ರತಿಯೊಂದು ಕುಳಿಯ ತಳಕ್ಕೆ ವೈರಸ್ಸಿನ ಭಾಗವನ್ನು ಬಳಿದಿರುವರು. ಅದರ ಮೇಲೆ ರಕ್ತದ ತಿಳಿಯನ್ನು ಹಾಕಿ, ಕೆಲ ಹೊತ್ತು ಬಿಟ್ಟು ತೊಳೆಯುವರು. ಪ್ರತಿಕಾಯವಿದ್ದರೆ ಅದು ತಳಕ್ಕೆ ಹಿಡಿದು ಉಳಿಯುವದು, ಇಲ್ಲದಿದ್ದರೆ ತೊಳೆದುಹೋಗುವದು. ಬಳಿಕ ಮನುಷ್ಯರ ಪ್ರತಿಕಾಯವನ್ನೇ ಹುಡುಕಿ ಹಿಡಿಯುವ ಮತ್ತೊಂದು ಪ್ರತಿಕಾಯವನ್ನು, ಅದಕ್ಕೊಂದು ಕಿಣ್ವವನ್ನು ಅಂಟಿಸಿ ಹಾಕುವರು. ಕೊನೆಗೆ ಬಣ್ಣ ಬರುವ ದ್ರಾವಣ. ಬಣ್ಣವೇರಿದ ಕುಳಿಯಲ್ಲಿ ಪ್ರತಿಕಾಯವಿದೆ, ಏರದ ಕುಳಿಯಲ್ಲಿ ಇಲ್ಲ. ೨೦೨೦ರ ಮೇ ತಿಂಗಳಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯು ‘ಕೋವಿಡ್ ಕವಚ್’ ಎಂಬ ಇಂಥ ಪರೀಕ್ಷೆಯನ್ನು ಸಿದ್ಧಪಡಿಸಿತು. ಎರಡೂವರೆ ತಾಸಿನಲ್ಲಿ ಒಮ್ಮೆಗೆ ೯೦ ಜನರ ರಕ್ತವನ್ನು ಅದರಿಂದ ನೋಡಬಹುದಾಗಿತ್ತು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಮಂಗನ ಬೇನೆಯ ವೈರಸ್ಸನ್ನು ಪತ್ತೆ ಹಚ್ಚಿದ್ದೂ ಇದೇ ಸಂಸ್ಥೆಯೇ.

ಇದಲ್ಲದೆ ಬೆರಳಿನಿಂದ ಹನಿ ರಕ್ತ ತೆಗೆದು ಒಂದು ಪಟ್ಟಿಯ ಮೇಲೆ ಹಾಕಿ, ಗೆರೆ ಮೂಡುವದನ್ನು ನೋಡುವ ಶೀಘ್ರ ಪರೀಕ್ಷೆಯೂ ಉಂಟು. ೨೦೨೦ರ ಏಪ್ರಿಲ್‌ನಲ್ಲಿ ಚೀನದಿಂದ ತರಿಸಿದ ಇಂಥ ಪಟ್ಟಿಗಳು ರಾಜ್ಯಗಳಿಗೆ ಹಂಚಲ್ಪಟ್ಟವು. ಫಲಿತಾಂಶಗಳು ಊರಿಗೊಂದು ತೆರನಾಗಿ ಬಂದುದರಿಂದ, ಅದೇ ತಿಂಗಳ ೨೭ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಎರಡು ಕಂಪನಿಗಳ ಪಟ್ಟಿಗಳನ್ನು ಬಳಸದೆ ಹಿಂದಿರುಗಿಸಲು ತಿಳಿಸಿತು. ಪ್ರತಿಕಾಯ ಪರೀಕ್ಷೆಯು ಸಮೀಕ್ಷೆಗಾಗಿಯೇ ಹೊರತು, ಒಬ್ಬನಿಗೆ ಬೇನೆಯಿದೆಯೇ ಎಂದು ನಿರ್ಣಯಿಸಲು ಆರ್‌ಟಿ-ಪಿಸಿಆರ್ ಪರೀಕ್ಷೆಯೇ ಬೇಕೆಂದು ಮಂಡಳಿಯು ಆಗಲೇ ಸ್ಪಷ್ಟವಾಗಿ ಹೇಳಿತ್ತು. ನಾನು ಕಾಕಾರ ಚೀಟಿ ಓದಿದ್ದು ಅದಾಗಿ ಒಂದು ವರ್ಷದ ಮೇಲೆ. ತಿಳಿಯಬೇಕಾದ ಮಾತು ಹೊರಬಿದ್ದು ವರ್ಷ ಕಳೆದರೂ ನನ್ನ ಕಟ್ಟೆಯವರೆಗೆ ಅದು ಬಂದಿರಲಿಲ್ಲ.

ಸಮೀಕ್ಷೆಯೆಂದೆನಲ್ಲವೇ? ಪ್ರತಿಕಾಯ ಪರೀಕ್ಷೆಯ ನಿಜವಾದ ಬೆಲೆ ಇರುವದು ಅಲ್ಲಿ. ನಮ್ಮ ರಾಜ್ಯದ್ದೇ ಉದಾಹರಣೆಯನ್ನು ತೆಗೆದುಕೊಳ್ಳೋಣ. ೨೦೨೦ರ ಸೆಪ್ಟೆಂಬರ್ ೩ರಿಂದ ೧೬ರವರೆಗೆ ಕರ್ನಾಟಕದ ಮೂವತ್ತೂ ಜಿಲ್ಲೆಗಳಲ್ಲಿ ಸರಕಾರವು ಒಂದು ಸಮೀಕ್ಷೆ ನಡೆಸಿತು. ಗರ್ಭಿಣಿಯರು, ದವಾಖಾನೆಗೆ ರೋಗಿಗಳ ಜೊತೆಗೆ ಬಂದವರು, ಬಸ್ಸಿನ ಕಂಡಕ್ಟರರು, ಸಂತೆಯ ವ್ಯಾಪಾರಿಗಳು, ವೃದ್ಧರು, ಹೀಗೆ ಬೇರೆ ಬೇರೆ ತರಗತಿಯ ಜನರಿಂದ ರಕ್ತವನ್ನೂ ಮೂಗಿನ ದ್ರವವನ್ನೂ ತೆಗೆದು, ೧೫,೬೨೪ ಜನರ ಫಲಿತಾಂಶವನ್ನು ಲೆಕ್ಕ ಹಾಕಿದರು. ನವೆಂಬರದಲ್ಲಿ ಅದು ಹೊರಬಂತು. ಸೆಪ್ಟೆಂಬರ್ ೧೬ರ ಹೊತ್ತಿಗೆ ರಾಜ್ಯದ ಜನರಲ್ಲಿ ಶೇಕಡಾ ೨೭.೩ ಮಂದಿಗೆ, ಎಂದರೆ ೭ ಕೋಟಿಗೆ ಮಿಕ್ಕಿದ ಜನರಲ್ಲಿ ಸುಮಾರು ೧ ಕೋಟಿ ೯೩ ಲಕ್ಷ ಜನರಿಗೆ, ಬೇನೆ ಆಗಲೇ ಬಂದು ಹೋಗಿತ್ತು ಅಥವಾ ಆಗ ಇತ್ತು. ಅದೇ ದಿನದವರೆಗೆ ಮೂಗಿನ ದ್ರವದ ಪರೀಕ್ಷೆಯಿಂದ ಪತ್ತೆಯಾಗಿ ಲೆಕ್ಕಕ್ಕೆ ಬಂದವರಾದರೋ ಐದು ಲಕ್ಷದೊಳಗೆ. ಹಾಗೆಂದರೆ ಲೆಕ್ಕಕ್ಕೆ ಸಿಕ್ಕ ಒಬ್ಬ ರೋಗಿಗೆ ಸುಮಾರು ನಲವತ್ತು ಮಂದಿ ಬೇನೆ ಹತ್ತಿದವರು ಇದ್ದರು. ಅವರಲ್ಲಿ ಎಷ್ಟೋ ಜನರಿಗೆ ತಮಗೆ ಬೇನೆ ಬಂದದ್ದೇ ತಿಳಿದಿರಲಿಲ್ಲ.

ಇನ್ನೊಂದು ಅಧ್ಯಯನವೂ ಅದೇ ವರ್ಷ ನಡೆಯಿತು. ಅದರವರು ಜೂನ್ ೧೫ರಿಂದ ಆಗಸ್ಟ್ ೨೯ರವರೆಗೆ ಕರ್ನಾಟಕದ ಹಳ್ಳಿ-ಪಟ್ಟಣಗಳ ಮನೆಗಳಿಗೇ ಹೋಗಿ ರಕ್ತ ತೆಗೆದರು. ಅವರ ಲೆಕ್ಕದಂತೆ ರಾಜ್ಯದಲ್ಲಿ ಶೇಕಡಾ ೪೬.೭ ಜನರ ರಕ್ತದಲ್ಲಿ ಪ್ರತಿಕಾಯವಿತ್ತು. ಪಟ್ಟಣಗಳಲ್ಲಿ ಶೇಕಡಾ ೫೩.೮, ಹಳ್ಳಿಗಳಲ್ಲಿ ಶೇಕಡಾ ೪೪.೧. ಒಂದೇ ರಾಜ್ಯ, ಹೆಚ್ಚುಕಡಿಮೆ ಒಂದೇ ಕಾಲ, ಆದರೂ ಎರಡು ಅಂಕಿಗಳ ನಡುವೆ ಇಷ್ಟು ಅಂತರ. ಪಂಡಿತರು ಒಂದೇ ಗ್ರಂಥದ ಎರಡು ಓಲೆಪ್ರತಿಗಳಲ್ಲಿ ಪಾಠಾಂತರ ಕಂಡಾಗ ಪ್ರತಿ ಮಾಡಿದವನಾರು, ಯಾವ ಮೂಲದಿಂದ ಮಾಡಿದ ಎಂದು ವಿಚಾರಿಸುವ ಹಾಗೆ, ಇಲ್ಲಿಯೂ ವಿಚಾರಿಸಬೇಕು. ರಕ್ತ ಕೊಟ್ಟವರನ್ನು ಆರಿಸಿದ ರೀತಿ ಬೇರೆ. ಬಳಸಿದ ಪರೀಕ್ಷೆಯೂ ಬೇರೆ. ಒಂದರಲ್ಲಿ ಕುಳಿಗೆ ಬಳಿದದ್ದು ನಿಷ್ಕ್ರಿಯಗೊಳಿಸಿದ ಇಡೀ ವೈರಸ್ಸನ್ನು, ಇನ್ನೊಂದರಲ್ಲಿ ಅದರ ಮುಳ್ಳಿನ ತುದಿಯ ಭಾಗವನ್ನು ಮಾತ್ರ. ಅಂಕಿಗಳು ಬೇರೆಯಾದರೂ ಎರಡೂ ಒಂದು ಮಾತಿನಲ್ಲಿ ಒಪ್ಪುವವು: ಬೇನೆಯು ಸರಕಾರಿ ಲೆಕ್ಕಕ್ಕೆ ಕಂಡದ್ದಕ್ಕಿಂತ ಬಹಳ ಪಟ್ಟು ಹೆಚ್ಚು ಹರಡಿತ್ತು, ಹಳ್ಳಿಗಳನ್ನೂ ಬಿಟ್ಟಿರಲಿಲ್ಲ.

ಊರಿನ ವಿಷಯವನ್ನು ಇಷ್ಟು ಚೆನ್ನಾಗಿ ಹೇಳುವ ಪರೀಕ್ಷೆ ಒಬ್ಬ ಮನುಷ್ಯನ ವಿಷಯದಲ್ಲಿ ಏಕೆ ತಡವರಿಸುವದು? ಇದಕ್ಕೊಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಬೇನೆ ಬಂದವರಲ್ಲಿ ನೂರಕ್ಕೆ ೯೫ ಜನರನ್ನು ಸರಿಯಾಗಿ ಗುರುತಿಸುವ, ಬಾರದವರಲ್ಲಿಯೂ ನೂರಕ್ಕೆ ೯೫ ಜನರನ್ನು ಸರಿಯಾಗಿ ಬಿಡುವ ಪರೀಕ್ಷೆಯೊಂದಿದೆಯೆನ್ನಿರಿ. ಒಂದು ಸಾವಿರ ಜನರ ಹಳ್ಳಿಯಲ್ಲಿ ಹತ್ತೇ ಜನರಿಗೆ ಬೇನೆ ಬಂದು ಹೋಗಿದೆ. ಆ ಹತ್ತರಲ್ಲಿ ಒಂಬತ್ತೋ ಹತ್ತೋ ಜನ ‘ಪಾಸ್ಸಿಟಿವ್’ ಆಗುವರು. ಬೇನೆ ಬಾರದ ೯೯೦ ಜನರಲ್ಲಿಯೂ ನೂರಕ್ಕೆ ಐದರಂತೆ ಸುಮಾರು ೫೦ ಜನ ಸುಳ್ಳೇ ‘ಪಾಸ್ಸಿಟಿವ್’ ಆಗುವರು. ಹೀಗೆ ಅರವತ್ತು ಚೀಟಿಗಳಲ್ಲಿ ಐವತ್ತು ತಪ್ಪು. ಅದೇ ಹಳ್ಳಿಯಲ್ಲಿ ಮುನ್ನೂರು ಜನರಿಗೆ ಬೇನೆ ಬಂದು ಹೋಗಿದ್ದರೆ ೨೮೫ ಚೀಟಿ ಸರಿಯಾಗಿಯೂ ೩೫ ಚೀಟಿ ತಪ್ಪಾಗಿಯೂ ಬರುವವು. ಪರೀಕ್ಷೆ ಅದೇ, ಚೀಟಿಯ ಬೆಲೆ ಮಾತ್ರ ಊರಿನ ಸ್ಥಿತಿಗೆ ತಕ್ಕಂತೆ ಬದಲಾಯಿತು. ಸಮೀಕ್ಷೆ ಮಾಡುವವರಿಗೆ ಪರೀಕ್ಷೆಯ ತಪ್ಪಿನ ಪ್ರಮಾಣ ಮೊದಲೇ ಗೊತ್ತಿರುವದರಿಂದ ಒಟ್ಟು ಲೆಕ್ಕದಲ್ಲಿ ಅದನ್ನು ತಿದ್ದಿಕೊಳ್ಳಬಲ್ಲರು. ಆದರೆ ಒಂದೇ ಚೀಟಿಯನ್ನು ಕೈಯಲ್ಲಿ ಹಿಡಿದು ನಿಂತವನು, ತನ್ನದು ಸರಿಯಾದ ಚೀಟಿಯೋ ತಪ್ಪಿದ ಚೀಟಿಯೋ ಎಂಬದನ್ನು ಆ ಚೀಟಿಯಿಂದಲೇ ತಿಳಿಯಲಾರನು.

ಮತ್ತೊಂದು ಭ್ರಮೆಯೂ ನಮ್ಮಲ್ಲಿದೆ. ರಕ್ತದಲ್ಲಿ ಪ್ರತಿಕಾಯವಿದೆಯೆಂದು ಬಂದರೆ ‘ನನಗಿನ್ನು ಭಯವಿಲ್ಲ’ ಎಂದುಕೊಳ್ಳುವದು. ಪ್ರತಿಕಾಯಗಳು ಕಾಲ ಕಳೆದಂತೆ ಇಳಿಯುವವು. ವೈರಸ್ಸು ವೇಷ ಬದಲಿಸುವದು. ೨೦೨೧ರ ನವೆಂಬರದಲ್ಲಿ ಕಾಣಿಸಿಕೊಂಡ ಓಮಿಕ್ರಾನ್ ತಳಿಯು, ಹಿಂದಿನ ಬೇನೆಯಿಂದಲೋ ಲಸಿಕೆಯಿಂದಲೋ ಪ್ರತಿಕಾಯ ಪಡೆದ ಎಷ್ಟೋ ಜನರಿಗೆ ಮತ್ತೆ ಹತ್ತಿತು. ಇದರ ವಿರುದ್ಧದ ಮಾತೂ ನಿಜ. ಪ್ರತಿಕಾಯ ಇಳಿದು ಚೀಟಿಯಲ್ಲಿ ಕಾಣದಿದ್ದರೂ, ವೈರಿಯನ್ನು ನೆನಪಿಟ್ಟ ಕಣಗಳು ದೇಹದಲ್ಲಿ ಉಳಿದು, ಅವನು ಮತ್ತೆ ಬಂದಾಗ ಬೇಗನೆ ಎಚ್ಚರಗೊಳ್ಳುವವು. ಆದುದರಿಂದ ಇದ್ದಾಗ ಉಬ್ಬುವದೂ ಬೇಡ, ಇಲ್ಲದಾಗ ಕುಗ್ಗುವದೂ ಬೇಡ. ಲಸಿಕೆ ಹಾಕಿಸಿಕೊಳ್ಳುವದನ್ನು ಇಂಥ ಚೀಟಿ ನೋಡಿ ನಿರ್ಧರಿಸಬಾರದು.

ಲಸಿಕೆಯಿಂದ ಇನ್ನೊಂದು ತೊಡಕೂ ಬಂದಿದೆ. ಕೋವಿಶೀಲ್ಡ್ ಲಸಿಕೆಯು ವೈರಸ್ಸಿನ ಮುಳ್ಳಿಗೆ ಮಾತ್ರ ಪ್ರತಿಕಾಯ ಹುಟ್ಟಿಸುವದು. ಇಡೀ ವೈರಸ್ಸನ್ನು ನಿಷ್ಕ್ರಿಯಗೊಳಿಸಿ ಮಾಡಿದ ಕೊವ್ಯಾಕ್ಸಿನ್ ಒಳಗಿನ ಭಾಗಗಳಿಗೂ ಹುಟ್ಟಿಸುವದು. ಆದ್ದರಿಂದ ಮುಳ್ಳಿನ ಪ್ರತಿಕಾಯ ಕಂಡ ಮಾತ್ರಕ್ಕೆ ಅದು ಬೇನೆಯ ಗುರುತೋ ಲಸಿಕೆಯ ಗುರುತೋ ಎಂದು ಹೇಳಲಾಗದು. ೨೦೨೧ರ ಜೂನ್-ಜುಲೈದಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದಲ್ಲಿ ಶೇಕಡಾ ೬೭.೬, ಕರ್ನಾಟಕದಲ್ಲಿ ಶೇಕಡಾ ೬೯.೮ ಜನರಲ್ಲಿ ಪ್ರತಿಕಾಯ ಕಂಡಿತ್ತು. ಅದರ ಮೇಲೆ ಮತ್ತಷ್ಟು ಲಸಿಕೆ, ಓಮಿಕ್ರಾನಿನ ಅಲೆ, ಎಲ್ಲ ಆಗಿಹೋದವು. ಹೆಚ್ಚುಕಡಿಮೆ ಎಲ್ಲರ ರಕ್ತದಲ್ಲಿಯೂ ಬರಹವಿರುವ ಈಗ, ಇಂದು ಕೆಮ್ಮುವವನ ಕೆಮ್ಮಿಗೆ ಕಾರಣವನ್ನು ಪ್ರತಿಕಾಯದಲ್ಲಿ ಹುಡುಕುವದು ವ್ಯರ್ಥ.

ಒಬ್ಬ ರೋಗಿಗೆ ಇದು ಎಂದೂ ಉಪಯೋಗವಿಲ್ಲವೆಂದು ನನ್ನ ಮಾತಿನ ಅರ್ಥವಲ್ಲ. ಮಕ್ಕಳಲ್ಲಿ ಕೋವಿಡ್ ಬಂದು ಹೋದ ಕೆಲವು ವಾರಗಳ ಮೇಲೆ ಹೃದಯ ಮೊದಲಾದ ಅಂಗಗಳಿಗೆ ಉರಿಯೂತ ತಗಲುವ ಒಂದು ಅಪರೂಪದ ತೊಂದರೆ ಉಂಟು. ಆಗ ಮೂಗಿನಲ್ಲಿ ವೈರಸ್ಸು ಸಿಗದಿದ್ದರೂ ರಕ್ತದ ಪ್ರತಿಕಾಯ ನೋಡಿ ವೈದ್ಯರು ಕಾರಣವನ್ನು ಊಹಿಸಬಲ್ಲರು. ಅದು ವೈದ್ಯರು ಕೇಳಿ ಮಾಡಿಸುವ ಪರೀಕ್ಷೆ. ನಾವೇ ಹೋಗಿ ರಕ್ತ ಕೊಟ್ಟು ಧೈರ್ಯ ಕೊಂಡು ತರುವಂಥದಲ್ಲ.

ಆದುದರಿಂದ, ವಾಚಕರೇ, ಇಂಥ ಚೀಟಿ ನಿಮ್ಮ ಕೈಗೆ ಬಂದಾಗ ಮೂರು ಸಂಗತಿಗಳನ್ನು ನೋಡಿರಿ. ಮೊದಲನೆಯದು, ಮೂಗು-ಗಂಟಲಿನಿಂದ ತೆಗೆದದ್ದೋ ರಕ್ತದಿಂದ ತೆಗೆದದ್ದೋ ಎಂಬದು. ಎರಡನೆಯದು, ಆಂಟಿಜೆನ್ ಎಂದಿದೆಯೋ ಆಂಟಿಬಾಡಿ ಎಂದಿದೆಯೋ ಎಂಬದು; ಐಜಿಎಂ, ಐಜಿಜಿ ಎಂಬ ಅಕ್ಷರಗಳಿದ್ದರೆ ಅದು ಪ್ರತಿಕಾಯದ ಪರೀಕ್ಷೆಯೇ. ಮೂರನೆಯದು, ಜ್ವರ ಬಂದ ಎಷ್ಟನೆಯ ದಿನ ತೆಗೆದದ್ದು ಎಂಬದು. ಮಳೆಗಾಲದಲ್ಲಿ ನಮ್ಮ ಕಡೆಗೆ ಬರುವ ಡೆಂಗೀ ಜ್ವರದ ಚೀಟಿಗೂ ಇದೇ ಕ್ರಮ ಅನ್ವಯಿಸುವದು. ಅದು ಸೊಳ್ಳೆಯಿಂದ ಬರುವ ಬೇನೆಯಾದರೂ, ಅದರ ಎನ್‌ಎಸ್-೧ ಎಂಬುದು ವೈರಸ್ಸಿನ ಭಾಗ, ಮೊದಲ ದಿನಗಳಲ್ಲಿ ಕಾಣುವಂಥದು. ಐಜಿಎಂ ಪ್ರತಿಕಾಯ, ನಾಲ್ಕೈದು ದಿನ ಕಳೆದ ಮೇಲೆ ತೋರುವಂಥದು. ಜ್ವರ-ಕೆಮ್ಮು ಇದ್ದು ಉಸಿರಿಗೆ ಕಷ್ಟವಾದರೆ ಯಾವ ಚೀಟಿಯನ್ನೂ ಕಾಯದೆ ದವಾಖಾನೆಗೆ ಹೋಗತಕ್ಕದ್ದು. ಕಾರಣ ತಿಳಿಯುವವರೆಗೆ ಬೇನೆಯವರನ್ನು ಗಾಳಿಯಾಡುವ ಬೇರೆ ಕೋಣೆಯಲ್ಲಿರಿಸಿ, ಆರೈಕೆ ಮಾಡುವವರು ಮೂಗು-ಬಾಯಿ ಮುಚ್ಚಿಕೊಳ್ಳುವದಕ್ಕೆ ಯಾವ ಪರೀಕ್ಷೆಯ ಅಪ್ಪಣೆಯೂ ಬೇಕಿಲ್ಲ.

ಈಗಲೂ ಸಂಜೆಗೆ ನಮ್ಮ ಕಟ್ಟೆಗೆ ಚೀಟಿಗಳು ಬರುತ್ತವೆ. ಕಾಕಾರ ಮಗನೂ ಒಮ್ಮೊಮ್ಮೆ ತರುತ್ತಾನೆ. ನಾನು ಕಾಗದ ಬಿಚ್ಚುವ ಮೊದಲು “ಜ್ವರ ಬಂದು ಇವತ್ತಿಗೆ ಎಷ್ಟನೇ ದಿನಾಪಾ?” ಎಂದು ಕೇಳುತ್ತೇನೆ. ಓದಿದ್ದು ತಿಳಿದರೆ ತಿಳಿದಷ್ಟು ಹೇಳುತ್ತೇನೆ. ತಿಳಿಯದಿದ್ದರೆ “ಇದು ನನಗ ತಿಳಿಯೂದಿಲ್ಲ, ಡಾಕ್ಟರ್ ಕಡೆ ತೋರಸು” ಎನ್ನುತ್ತೇನೆ. ಈ ಮಾತನ್ನು ಕಲಿಯಲು ನನಗೆ ಐವತ್ತು ವರ್ಷ ಬೇಕಾಯಿತು.